ವಾದ್ಯ ಕೇಳುತ್ತದೆ, ದನಿ ಕೇಳುವುದಿಲ್ಲ: ಧಾರವಾಡದ ಒಂದು ಕಾರಿನ ಆಕ್ಸ್ ತೊಂದರೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಕಾರು ಧಾರವಾಡದ ಒಂದು ಮನೆಯದು. ಸುಮಾರು ಹತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕಂಪನಿಯಿಂದಲೇ ಕೂಡಿಸಿ ಬಂದ ಸ್ಟೀರಿಯೊ. ಎಫ್‌ಎಂ, ಸಿಡಿ, ಪೆನ್‌ಡ್ರೈವ್, ಆಕ್ಸ್ (ಫೋನಿನ ಸದ್ದನ್ನು ಕೇಬಲ್ ಮೂಲಕ ಸ್ಟೀರಿಯೊಗೆ ಕೊಡುವ ದಾರಿ) ಎಲ್ಲ ಇವೆ, ಬ್ಲೂಟೂತ್ ಇಲ್ಲ. ಆಕ್ಸ್ ಜ್ಯಾಕ್ ಇರುವುದು ಗೇರ್ ಲಿವರ್ ಮುಂದಿನ ತಗ್ಗಿನಲ್ಲಿ, ಚಿಲ್ಲರೆ ಹಣ, ಟೋಲ್ ಚೀಟಿ, ನೀರಿನ ಬಾಟಲಿ ಇಡುವ ಜಾಗದಲ್ಲೇ. ಮನೆಯವರ ಗುರುತು ಸಿಗದಂತೆ ಉದ್ಯೋಗ, ಬಡಾವಣೆ, ಕಾರಿನ ಮಾಡೆಲ್ ಇಲ್ಲಿ ಬಿಟ್ಟಿದೆ. ಮೊದಲು ಹೋಗಿಬಂದ ಅಂಗಡಿಗಳ ಹೆಸರೂ ಬೇಕಿಲ್ಲ. ಅವರು ಮಾಡಿದ ಕೆಲಸ ಮಾತ್ರ ನಮಗೆ ಮುಖ್ಯ.

ವಾರಕ್ಕೊಮ್ಮೆಯಾದರೂ ಈ ಕಾರು ಹುಬ್ಬಳ್ಳಿ, ಅಣ್ಣಿಗೇರಿ ಹಾಯ್ದು ಗದಗಿಗೆ ಹೋಗಿಬರುತ್ತದೆ. ಹುಬ್ಬಳ್ಳಿಯಿಂದ ಗದಗಿಗೆ ಅರವತ್ತು ಕಿಲೋಮೀಟರ್‌ಗೆ ತುಸು ಕಡಿಮೆ. ಬೇಸಿಗೆಯಲ್ಲಿ ಎರೆಮಣ್ಣಿನ ಸಣ್ಣ ಧೂಳು ಕಿಟಕಿ ಏರಿಸಿದ್ದರೂ ಒಳಗೆ ಬಂದು ಕೂರುತ್ತದೆ. ಮನೆಯ ಹಿರಿಯರು ಹಿಂದೂಸ್ತಾನಿ ಗಾಯನ ಕೇಳುವವರು, ಅದರಲ್ಲೂ ಹಳೆಯ ಧ್ವನಿಮುದ್ರಣಗಳನ್ನು. ಮಗ ಸಿನಿಮಾ ಹಾಡು ಹಾಕುತ್ತಾನೆ. ಸೊಸೆ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿಬರುವಾಗ ಫೋನಿನಲ್ಲಿ ಮ್ಯಾಪ್ ಹಚ್ಚಿರುತ್ತಾರೆ, ಹಾಗಾಗಿ ಫೋನು ಯಾವಾಗಲೂ ಚಾರ್ಜರಿಗೆ ಸಿಕ್ಕಿಸಿಯೇ ಇರುತ್ತದೆ. ಈ ಮೂರು ಅಭ್ಯಾಸಗಳು ಕೇಳಲು ಸಣ್ಣ ಮಾತು. ತೊಂದರೆಯ ಕೀಲಿ ಇದ್ದದ್ದು ಅಲ್ಲೇ.

ಮೂರು ದೂರು

ಹಿರಿಯರ ದೂರು: "ಆಕ್ಸ್ ಒಳಗ ಏನೂ ಕೇಳಸೂದಿಲ್ರಿ. ಸೌಂಡ್ ಪೂರಾ ಏರಿಸಿದ್ರ ಎಲ್ಲೋ ದೂರದಾಗ ಗುಂಯ್ ಅಂದಂಗ ಆಗ್ತೈತಿ, ಅಷ್ಟ."

ಮಗನ ದೂರು: "ಹಾಡು ಬರ್ತೈತ್ರಿ, ಮ್ಯೂಸಿಕ್ ಜೋರ ಬರ್ತೈತಿ, ಹಾಡವ್ರ ದನಿ ಮಾತ್ರ ಇಲ್ಲ. ಬಾವಿಯೊಳಗ ನಿಂತು ಹಾಡಿದಂಗ ಕೇಳಸ್ತೈತಿ."

ಸೊಸೆಯ ದೂರು: "ನಂಗ ಎಲ್ಲಾ ಸರಿ ಕೇಳಸ್ತೈತ್ರಿ, ಆದ್ರ ಗಾಡಿ ಚಾಲೂ ಆತಂದ್ರ ಕುಂಯ್ ಅನ್ನೂ ಸಪ್ಪಳ. ಆಕ್ಸಿಲರೇಟರ್ ಒತ್ತಿದಂಗ ಅದೂ ಏರ್ತೈತಿ."

ಒಂದು ಕಾರು, ಒಂದು ಜ್ಯಾಕು, ಮೂರು ದೂರು. ಎಫ್‌ಎಂ, ಸಿಡಿ, ಪೆನ್‌ಡ್ರೈವ್ ಮೂರರಲ್ಲೂ ಸದ್ದು ಸ್ವಚ್ಛವಾಗಿತ್ತು. ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರು ನಂಬದಂತಾಗಿತ್ತು. ಅಂಗಡಿಗೆ ಯಾರು ಕಾರು ಒಯ್ದರೋ ಅವರ ದೂರಿಗೆ ತಕ್ಕ ಚಿಕಿತ್ಸೆ ಸಿಗುತ್ತಿತ್ತು.

ಮೊದಲು ಮಾಡಿಸಿದ್ದು

ಮೊದಲ ಅಂಗಡಿಗೆ ಮಗ ಹೋಗಿದ್ದ. ಅಲ್ಲಿ ಕೇಬಲ್ ಬದಲಾಯಿಸಿದರು. ಹಳೆಯದು ಮೂರು ಪಟ್ಟಿಯ, ಅಂದರೆ ಪಿನ್ನಿನಲ್ಲಿ ಮೂರು ಲೋಹದ ಪಟ್ಟಿ ಇರುವ ಸಾದಾ ಕೇಬಲ್, ಹೊಸದು ಬಟ್ಟೆ ಹೆಣೆದ ದಪ್ಪ ಕೇಬಲ್, ಎರಡೂ ತುದಿಗೆ ನಾಲ್ಕು ಪಟ್ಟಿಯ ಪಿನ್. ಕೇಬಲ್ ಹೊಸದಾದರೂ ತೊಂದರೆ ಹಾಗೇ ಉಳಿಯಿತು. ಹೊಸ ಕೇಬಲ್ ಹಾಕಿದ ಮೇಲೂ ಹೋಗಿಲ್ಲ ಅಂದರೆ ದೋಷ ಸ್ಟೀರಿಯೊದ್ದೇ ಎಂದು ತೀರ್ಮಾನಿಸಿ, ಅದನ್ನು ತೆಗೆದು ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿರಿ ಎಂದರು. ಹತ್ತು ಸಾವಿರದ ಆಸುಪಾಸಿನ ಮಾತು. ಮನೆಯವರು ಒಪ್ಪಲಿಲ್ಲ.

ಎರಡನೆಯ ಅಂಗಡಿಗೆ ಸೊಸೆ ಒಯ್ದರು. ಅಲ್ಲಿ ಕುಂಯ್ ಸಪ್ಪಳ ಕೇಳಿ "ಅರ್ಥಿಂಗ್ ಸರಿ ಇಲ್ಲ" ಎಂದು ಸ್ಟೀರಿಯೊ ಹೊರಗೆಳೆದು, ಅದರ ಹಿಂದಿನ ಬೋಲ್ಟಿನಿಂದ ಡ್ಯಾಶ್‌ಬೋರ್ಡಿನ ಕಬ್ಬಿಣದ ಪಟ್ಟಿಗೆ ಒಂದು ಹೆಚ್ಚುವರಿ ತಂತಿ ಎಳೆದರು. ಸಪ್ಪಳ ತುಸು ಬದಲಾಯಿತು, ಹೋಗಲಿಲ್ಲ.

ಮೂರನೆಯ ಕಡೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರು. ಬೆರಳುದ್ದದ ಡಬ್ಬಿ, ಒಳಗೆ ಎರಡು ಸಣ್ಣ ಆಡಿಯೊ ಟ್ರಾನ್ಸ್‌ಫಾರ್ಮರ್, ಆಕ್ಸ್ ಕೇಬಲ್ ನಡುವೆ ಸೇರಿಸುವಂಥದು, ಬೆಲೆ ಮುನ್ನೂರರಿಂದ ಐನೂರು ರೂಪಾಯಿ. ಎಂಜಿನ್ ಏರಿಸಿ ತೋರಿಸಿದರು, ಕುಂಯ್ ಅನ್ನುವುದು ಪೂರ್ತಿ ನಿಂತಿತ್ತು. ಸಪ್ಪಳ ಹೋದದ್ದನ್ನು ಎಲ್ಲರೂ ಕೇಳಿಸಿಕೊಂಡರು, ಹಾಡು ಹೇಗಿದೆ ಎಂದು ಯಾರೂ ಕೇಳಿಸಿಕೊಳ್ಳಲಿಲ್ಲ. ಕಾರು ಮನೆಗೆ ಬಂದ ಮೇಲೆ ಸೊಸೆಗೂ ಹಾಡಿನ ದನಿ ಹೋಯಿತು. ಈಗ ಚಾರ್ಜರ್ ಹಚ್ಚಿದರೂ ಇಲ್ಲ, ಬಿಟ್ಟರೂ ಇಲ್ಲ.

ಈ ಹಂತದಲ್ಲಿ ಕಾರು ಹುಬ್ಬಳ್ಳಿಯ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಕೈಗೆ ಬಂತು. ಕಾರಿನ ವೈರಿಂಗ್ ಜೊತೆಗೆ ರೇಡಿಯೊ, ಆಂಪ್ಲಿಫೈಯರ್ ರಿಪೇರಿಯೂ ಬಲ್ಲವರು. ಐಸೊಲೇಟರಿನಿಂದ ಪರಿಸ್ಥಿತಿ ಹದಗೆಟ್ಟಿತು ಎಂದು ಮನೆಯವರು ಬೇಸರದಿಂದ ಹೇಳಿದ್ದೇ ಅವರಿಗೆ ಮೊದಲ ಸುಳಿವು.

ಕೇಳಿದ ಪ್ರಶ್ನೆ

ಅವರು ಸ್ಕ್ರೂಡ್ರೈವರ್ ಎತ್ತಿಕೊಳ್ಳಲಿಲ್ಲ. ಹಿರಿಯರನ್ನು ಕೇಳಿದರು: "ಕಾಕಾರ, ನೀವು ಹಾಡು ಹಚ್ಚುವಾಗ ಫೋನ್ ಚಾರ್ಜರಿಗೆ ಇರ್ತಿತ್ತೇನ್ರಿ?"

"ಇಲ್ರೀ, ಮನ್ಯಾಗ ಚಾರ್ಜ್ ಮಾಡ್ಕೊಂಡ ಬರ್ತೀನ್ರಿ."

"ಯಾರ ಹಾಡು ಕೇಳ್ತಿದ್ರಿ?"

"ಮನ್ಸೂರ ಮಲ್ಲಿಕಾರ್ಜುನಪ್ಪಾರದು. ಹಳೇ ತಟ್ಟಿ ಕಾಲದ್ದು, 78 ಆರ್‌ಪಿಎಂದು."

ಈ ಎರಡು ಉತ್ತರಗಳಿಂದಲೇ ದೋಷದ ಜಾಗ ಬಹುಪಾಲು ಖಚಿತವಾಯಿತು. ಹೇಗೆ ಎಂಬುದು ತಿಳಿಯಬೇಕಾದರೆ ಆಕ್ಸ್ ಪಿನ್ನಿನ ಒಳಗುಟ್ಟು ನೋಡಬೇಕು.

3.5 ಮಿಲಿಮೀಟರಿನ ಸಾದಾ ಸ್ಟೀರಿಯೊ ಪಿನ್ನಿನಲ್ಲಿ ಮೂರು ಲೋಹದ ಪಟ್ಟಿ, ನಡುವೆ ಎರಡು ಕರಿ ಗೆರೆ. ತುದಿ ಎಡಗಡೆಯ ಸದ್ದಿಗೆ, ನಡುವಿನ ಉಂಗುರ ಬಲಗಡೆಯ ಸದ್ದಿಗೆ, ಬುಡದ ಕೊಳವೆ ಎರಡಕ್ಕೂ ಸೇರಿದ ಗ್ರೌಂಡಿಗೆ. ಎಡದ್ದು, ಬಲದ್ದು ಎರಡೂ ಹೋಗುವುದು ತಮ್ಮ ತಮ್ಮ ತಂತಿಯಲ್ಲಿ, ಮರಳಿ ಬರುವುದು ಮಾತ್ರ ಒಂದೇ ಗ್ರೌಂಡ್ ತಂತಿಯಲ್ಲಿ. ಆ ಗ್ರೌಂಡ್ ಕಡಿದರೆ ಸದ್ದು ನಿಲ್ಲುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಕರೆಂಟು ಎಡತಂತಿಯಿಂದ ಹೋಗಿ ಬಲತಂತಿಯಲ್ಲಿ ಮರಳಲು ನೋಡುತ್ತದೆ. ಆಗ ಸ್ಪೀಕರಿನಲ್ಲಿ ಕೇಳುವುದು ಎಡ ಮತ್ತು ಬಲದ ನಡುವಿನ ವ್ಯತ್ಯಾಸ ಮಾತ್ರ. ಎರಡರಲ್ಲೂ ಒಂದೇ ಸಮ ಇರುವುದೆಲ್ಲ ಪರಸ್ಪರ ಕಳೆದುಹೋಗುತ್ತದೆ.

ಸಿನಿಮಾ ಹಾಡುಗಳಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ನಡುವೆ, ಅಂದರೆ ಎಡಬಲಕ್ಕೆ ಸಮವಾಗಿ ಹಂಚಿರುತ್ತಾರೆ. ಬೇಸ್ ಗಿಟಾರು, ದೊಡ್ಡ ಡ್ರಮ್ಮೂ ಬಹುತೇಕ ಅಲ್ಲೇ. ತಂತಿವಾದ್ಯ, ಕೋರಸ್, ದನಿಯ ಪ್ರತಿಧ್ವನಿ ಇವು ಆಚೀಚೆ ಹರಡಿರುತ್ತವೆ. ಹಾಗಾಗಿ ಗ್ರೌಂಡ್ ಹೋದಾಗ ದನಿ ಕಳೆದು ಅದರ ಪ್ರತಿಧ್ವನಿ ಉಳಿಯುತ್ತದೆ. ಮಗ ಹೇಳಿದ "ಬಾವಿಯೊಳಗ ನಿಂತು ಹಾಡಿದಂಗ" ಎಂಬುದು ಇದರ ನಿಖರ ವರ್ಣನೆ.

ಹಿರಿಯರು ಹಾಕುತ್ತಿದ್ದ 78 ಆರ್‌ಪಿಎಂ ಕಾಲದ (ಹಳೆಯ ಗ್ರಾಮಫೋನ್ ತಟ್ಟೆಯ) ಮುದ್ರಣ ಮೊನೊ, ಅಂದರೆ ಒಂದೇ ಚಾನೆಲಿನದು. ಫೋನಿನ ಫೈಲಿನಲ್ಲಿ ಎಡಬಲ ಎರಡು ಚಾನೆಲ್ ಇದ್ದರೂ ಎರಡರಲ್ಲೂ ಇರುವುದು ಒಂದೇ ಸದ್ದು. ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಅವರಿಗೆ ಏನೂ ಕೇಳುತ್ತಿರಲಿಲ್ಲ ಎಂಬುದು ಅಕ್ಷರಶಃ ನಿಜ.

ಸೊಸೆಗೆ ಎಲ್ಲ ಕೇಳುತ್ತಿದ್ದದ್ದು ಚಾರ್ಜರಿನಿಂದ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಹಾಕುವ ಚಾರ್ಜರಿನಲ್ಲಿ ಯುಎಸ್‌ಬಿಯ ಋಣ ತಂತಿಯೂ ಕಾರಿನ ಬಾಡಿಯೂ ನೇರ ಕೂಡಿರುತ್ತವೆ. ಸ್ಟೀರಿಯೊದ ಗ್ರೌಂಡೂ ಅದೇ ಬಾಡಿ. ಚಾರ್ಜರ್ ಹಚ್ಚಿದ ಕೂಡಲೇ ಕಡಿದುಹೋಗಿದ್ದ ಗ್ರೌಂಡಿಗೆ ಸುತ್ತುಬಳಸಿನ ಬದಲಿ ದಾರಿ ಸಿಕ್ಕಿತು, ದನಿ ಮರಳಿತು. ಆದರೆ ಅದು ಕೊಳಕು ದಾರಿ. ಸಾದಾ ಚಾರ್ಜಿಂಗ್ ಕೇಬಲ್ಲಿನ ಗ್ರೌಂಡ್ ತಂತಿ 28 ಗೇಜ್‌ನದಾಗಿದ್ದರೆ ಅದರ ರೆಸಿಸ್ಟೆನ್ಸ್ ಮೀಟರಿಗೆ ಸುಮಾರು 0.2 ಓಮ್. ಅಂಥ ಒಂದು ಮೀಟರ್ ತಂತಿಯಲ್ಲಿ ಒಂದೂವರೆ ಆಂಪಿಯರ್ ಚಾರ್ಜಿಂಗ್ ಕರೆಂಟು ಹರಿದರೆ ತಂತಿಯ ಎರಡು ತುದಿಗಳ ನಡುವೆ 0.3 ವೋಲ್ಟ್ ವ್ಯತ್ಯಾಸ. ಆ ಕರೆಂಟಿನ ಏರಿಳಿತ, ಸಾಕೆಟ್ಟಿನಿಂದ ಸ್ಟೀರಿಯೊವರೆಗಿನ ಬಾಡಿಯಲ್ಲಿ ಹರಿಯುವ ಆಲ್ಟರ್ನೇಟರಿನ (ಎಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಜನರೇಟರಿನ) ಅಲೆ ಎಲ್ಲವೂ ಹಾಡಿನ ಜೊತೆಗೇ ಸ್ಟೀರಿಯೊ ಒಳಗೆ ಹೊಕ್ಕುತ್ತಿದ್ದವು.

ಕುಂಯ್ ಅನ್ನುವುದರ ಸ್ವರ ಏಕೆ ಏರುತ್ತದೆ ಎಂದೂ ಲೆಕ್ಕ ಹಾಕಬಹುದು. ಆಲ್ಟರ್ನೇಟರಿನ ಮೂರು ಫೇಸ್ ಕರೆಂಟನ್ನು ಆರು ಡಯೋಡ್ ತಿದ್ದಿ ಡಿಸಿ ಮಾಡುತ್ತವೆ. ಹನ್ನೆರಡು ಪೋಲಿನ, ಅಂದರೆ ಆರು ಜೋಡಿ ಕಾಂತಧ್ರುವದ ಆಲ್ಟರ್ನೇಟರ್ ಒಂದು ಸುತ್ತಿಗೆ 36 ಅಲೆ ಕೊಡುತ್ತದೆ. ಎಂಜಿನ್ ಐಡ್ಲಿಂಗ್ ನಿಮಿಷಕ್ಕೆ 800 ಸುತ್ತು ಇದ್ದು ಪುಲ್ಲಿ ಎರಡೂವರೆ ಪಟ್ಟು ತಿರುಗಿಸಿದರೆ ಆಲ್ಟರ್ನೇಟರ್ ನಿಮಿಷಕ್ಕೆ 2000 ಸುತ್ತು, ಅಂದರೆ ಸುಮಾರು 1200 ಹರ್ಟ್ಜ್ ಸಪ್ಪಳ. ಎಂಜಿನ್ 2400ಕ್ಕೆ ಏರಿದರೆ 3600 ಹರ್ಟ್ಜ್. ಕಿವಿ ಅತಿ ಚುರುಕಾಗಿರುವ ಪಟ್ಟಿಯಲ್ಲೇ ಇದು ಬಂದು ಕೂರುವುದರಿಂದ ಕೆಲವೇ ಮಿಲಿವೋಲ್ಟ್ ಇದ್ದರೂ ಕಾಡುತ್ತದೆ.

ಇನ್ನು ಐಸೊಲೇಟರ್. ಟ್ರಾನ್ಸ್‌ಫಾರ್ಮರಿನ ಎರಡು ಬದಿಗೆ ತಂತಿಯ ಸಂಬಂಧ ಇರುವುದಿಲ್ಲ, ಆದ್ದರಿಂದ ಚಾರ್ಜರಿನ ಮೂಲಕ ಬರುತ್ತಿದ್ದ ಸಪ್ಪಳ ನಿಂತಿತು. ಅದರ ಜೊತೆಗೆ ಚಾರ್ಜರ್ ಕೊಟ್ಟಿದ್ದ ಬದಲಿ ಗ್ರೌಂಡೂ ಹೋಯಿತು. ಐಸೊಲೇಟರ್ ಇದ್ದಾಗ ಸರಿಯಾಗಿ ಕೇಳಬೇಕೆಂದರೆ ಆಕ್ಸ್ ದಾರಿಯಲ್ಲಿ ಅದರ ಎರಡೂ ಬದಿಯ ಗ್ರೌಂಡ್ ಗಟ್ಟಿ ಇರಲೇಬೇಕು. ದನಿ ಹೋಯಿತು ಅಂದರೆ ಆ ದಾರಿಯಲ್ಲೇ ಎಲ್ಲೋ ಕಡಿದಿದೆ, ಕೇಬಲ್ ಬದಲಾಯಿಸಿದರೂ ತೊಂದರೆ ಹೋಗಿರಲಿಲ್ಲವಾದ್ದರಿಂದ ಮೊದಲ ಸಂಶಯ ಸ್ಟೀರಿಯೊ ಬದಿಯ ಮೇಲೆ. ಐಸೊಲೇಟರಿನ ಸೋಲು ಒಂದು ಪರೀಕ್ಷೆಯಂತೆ ಕೆಲಸ ಮಾಡಿತು. ಫೋನಿನ ಕಡೆ ನೋಡುವುದು ಬಿಟ್ಟು ಕಾರಿನ ಜ್ಯಾಕ್ ಕಡೆ ನೋಡಲು ಅದು ದಾರಿ ತೋರಿಸಿತು.

ಪರೀಕ್ಷೆಗಳು

ಊಹೆ ಎಷ್ಟೇ ಚೆನ್ನಾಗಿ ಹೊಂದಿದರೂ ಡ್ಯಾಶ್‌ಬೋರ್ಡ್ ಬಿಚ್ಚುವ ಮುಂಚೆ ಅದನ್ನು ಕೆಡವಲು ಪ್ರಯತ್ನಿಸಬೇಕು. ಮೊದಲು ಹಿಂದಿನವರು ಸೇರಿಸಿದ್ದನ್ನೆಲ್ಲ ತೆಗೆಯಲಾಯಿತು: ಐಸೊಲೇಟರ್ ಹೊರಗೆ, ಚಾರ್ಜರ್ ಹೊರಗೆ, ಎಂಜಿನ್ ಬಂದ್. ಹೆಚ್ಚುವರಿ ಅರ್ಥಿಂಗ್ ತಂತಿಗೆ ಸ್ಟೀರಿಯೊ ಬಿಚ್ಚಬೇಕಾದ್ದರಿಂದ ಅದನ್ನು ಆಮೇಲಿಗೆ ಬಿಟ್ಟರು.

ಬಳಿಕ ಅದೇ ಫೋನು, ಅದೇ ಬಟ್ಟೆ ಹೆಣೆದ ಕೇಬಲ್ಲನ್ನು ಅಂಗಡಿಯಲ್ಲಿದ್ದ ಬ್ಯಾಟರಿ ಸ್ಪೀಕರಿನ ಆಕ್ಸ್‌ಗೆ ಹಾಕಿ ನೋಡಿದರು. ಇಡೀ ಪ್ರಕರಣ ಅಡ್ಡದಾರಿ ಹಿಡಿಯಬಹುದಾಗಿದ್ದ ಜಾಗ ಇದು. ಸ್ಪೀಕರಿನಲ್ಲೂ ಹಾಡುವವರ ದನಿ ಇರಲಿಲ್ಲ! ಕೇಬಲ್ ಕೆಟ್ಟಿದೆ, ಬೇರೆ ತಗೊಳ್ಳಿ ಎಂದು ಹೇಳಿ ಕಳಿಸಿಬಿಡುವಷ್ಟು ಸ್ಪಷ್ಟ ಸಾಕ್ಷಿ.

ಕೇಬಲ್ ನಿಜಕ್ಕೂ ಈ ಕೆಲಸಕ್ಕೆ ತಪ್ಪು ಕೇಬಲ್ಲೇ ಆಗಿತ್ತು. ನಾಲ್ಕು ಪಟ್ಟಿಯ ಪಿನ್ ಮೈಕ್ ಇರುವ ಹೆಡ್‌ಫೋನಿಗಾಗಿ ಇರುವುದು. ಇಂದಿನ ಬಹುತೇಕ ಫೋನುಗಳಲ್ಲಿ ತುದಿಯಿಂದ ಬುಡಕ್ಕೆ ಎಡ, ಬಲ, ಗ್ರೌಂಡ್, ಮೈಕ್ ಎಂಬ ಕ್ರಮ. ಮೂರು ಪಟ್ಟಿಯ ಜ್ಯಾಕಿಗೆ ಅದನ್ನು ಹಾಕಿದರೆ ಜ್ಯಾಕಿನ ಗ್ರೌಂಡ್ ಪತ್ತಿ (ಪಿನ್ನಿಗೆ ಒತ್ತಿಕೊಳ್ಳುವ ಲೋಹದ ನಾಲಿಗೆ) ಬುಡವನ್ನು ಮುಟ್ಟುತ್ತದೆ, ಅಂದರೆ ಮೈಕ್ ತಂತಿಯನ್ನು. ಗ್ರೌಂಡ್ ಇರುವ ಮೂರನೆಯ ಪಟ್ಟಿ ಯಾವುದಕ್ಕೂ ತಾಗದೆ ನಡುವೆ ಉಳಿದುಬಿಡುತ್ತದೆ. ಫಲಿತಾಂಶ ಮತ್ತೆ ಅದೇ, ಎಡಬಲದ ವ್ಯತ್ಯಾಸ ಮಾತ್ರ. ಕೆಲವು ಜ್ಯಾಕಿನಲ್ಲಿ ಪತ್ತಿ ಅಗಲವಾಗಿದ್ದು ಎರಡನ್ನೂ ಮುಟ್ಟಿ ಸರಿಹೋಗುವುದುಂಟು, ಪಿನ್ನನ್ನು ಒಂದು ಮಿಲಿಮೀಟರ್ ಹೊರಗೆಳೆದರೆ ಸದ್ದು ಸರಿಯಾಗುವುದೂ ಉಂಟು. ಅದಕ್ಕೇ "ಪಿನ್ ಸ್ವಲ್ಪ ಜಗ್ಗಿ ಹಿಡಿದರ ಬರ್ತೈತಿ" ಎನ್ನುವ ಗಿರಾಕಿಗಳು ಎಲ್ಲ ಅಂಗಡಿಗೂ ಬರುತ್ತಾರೆ.

ಹಾಗಾದರೆ ಮೊದಲ ಅಂಗಡಿಯಲ್ಲಿ ಆದದ್ದು ಇಷ್ಟು: ಕಾರಿನ ಜ್ಯಾಕಿನಲ್ಲಿ ಗ್ರೌಂಡ್ ಕಡಿದಿತ್ತು, ಅದರ ಮೇಲೆ ಗ್ರೌಂಡನ್ನೇ ಮುಟ್ಟಿಸದ ಕೇಬಲ್ ಬಂದು ಕೂತಿತು. ಒಂದು ದೋಷ ಎರಡಾಯಿತು, ಎರಡರ ಲಕ್ಷಣವೂ ಒಂದೇ. ಹೊಸ ಭಾಗ ಎಂದರೆ ಒಳ್ಳೆಯ ಭಾಗ ಎಂದು ನಂಬುವುದು ರಿಪೇರಿ ಕೆಲಸದಲ್ಲಿ ಬಹಳ ದುಬಾರಿ ನಂಬಿಕೆ. ಹೊಸ ಕೇಬಲ್ಲನ್ನು ಕಾರಿಗೆ ಹಾಕುವ ಮೊದಲು ಬೇರೊಂದು ಸ್ಪೀಕರಿಗೆ ಹಾಕಿ ನೋಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು.

ಎಲೆಕ್ಟ್ರಿಷಿಯನ್ ಅಲ್ಲಿಗೇ ನಿಲ್ಲಿಸಲಿಲ್ಲ. ಮೂರು ಪಟ್ಟಿಯ ಕೇಬಲ್ಲಿದ್ದಾಗಲೂ ತೊಂದರೆ ಇತ್ತು ಎಂಬ ಮಗನ ಮಾತು ಅವರ ನೆನಪಿನಲ್ಲಿತ್ತು. ಪರೀಕ್ಷಿಸಿದ ಮೂರು ಪಟ್ಟಿಯ ಕೇಬಲ್ ತಂದರು. ಬ್ಯಾಟರಿ ಸ್ಪೀಕರಿನಲ್ಲಿ ದನಿ ತುಂಬಿ ಬಂತು, ಕಾರಿನಲ್ಲಿ ಮಾತ್ರ ಇಲ್ಲ. ಫೋನ್ ಮತ್ತು ಕೇಬಲ್ ಎರಡನ್ನೂ ಈಗ ಬದಿಗಿಡಬಹುದಿತ್ತು.

ಕೊನೆಯ ಕಿವಿ ಪರೀಕ್ಷೆಗೆ ಎಡಗಡೆ ಮಾತ್ರ ಸದ್ದಿರುವ ಫೈಲು ಹಾಕಿದರು. ಸರಿಯಿದ್ದ ಕಾರಿನಲ್ಲಿ ಎಡದ ಸ್ಪೀಕರ್ ಮಾತ್ರ ನುಡಿಯಬೇಕು. ಇಲ್ಲಿ ಎರಡೂ ಬದಿ ಒಂದೇ ಸಮ, ತುಸು ಕುಗ್ಗಿದ ಸದ್ದಿನಲ್ಲಿ ನುಡಿದವು. ಬಲಗಡೆಯ ಫೈಲಿಗೂ ಹಾಗೇ. ಎಡ ಅಥವಾ ಬಲದ ತಂತಿ ಕಡಿದಿದ್ದರೆ ಹೀಗಾಗುವುದಿಲ್ಲ. ಕಡಿದದ್ದು ಎರಡಕ್ಕೂ ಸೇರಿದ ಗ್ರೌಂಡ್ ಎಂಬುದಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಮೀಟರ್ ಬೇಕಿಲ್ಲ, ಒಂದು ಸ್ಕ್ರೂ ಬಿಚ್ಚಬೇಕಿಲ್ಲ.

ಆಲ್ಟರ್ನೇಟರನ್ನು ಸಂಶಯದಿಂದ ಬಿಡಿಸಲು ಎರಡು ಅಳತೆ ಸಾಕಾದವು. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿ ತುದಿಯಲ್ಲಿ 14.1 ವೋಲ್ಟ್ ಡಿಸಿ, ಮೀಟರನ್ನು ಎಸಿಗೆ ತಿರುಗಿಸಿದಾಗ 0.1 ವೋಲ್ಟ್‌ಗಿಂತ ಬಹಳ ಕಡಿಮೆ. ಡಯೋಡ್ ಕೆಟ್ಟಿದ್ದರೆ ಈ ಎರಡನೆಯ ಅಳತೆ ಜಿಗಿದಿರುತ್ತಿತ್ತು. ಅಗ್ಗದ ಮೀಟರುಗಳು ಸಾವಿರ ಹರ್ಟ್ಜ್ ಮೇಲಿನ ಎಸಿಯನ್ನು ಸರಿಯಾಗಿ ಅಳೆಯುವುದಿಲ್ಲ, ಆದ್ದರಿಂದ ಈ ಅಂಕಿಯನ್ನು ಕಿವಿಯ ಜೊತೆ ಸೇರಿಸಿಯೇ ನಂಬಬೇಕು. ಎಫ್‌ಎಂ ಮತ್ತು ಪೆನ್‌ಡ್ರೈವ್‌ನಲ್ಲಿ ಸಪ್ಪಳವಿಲ್ಲ. ಆಕ್ಸ್‌ನಲ್ಲಿ ಸ್ಟೀರಿಯೊದ ವಾಲ್ಯೂಮ್ ಇಳಿಸಿದರೆ ಸಪ್ಪಳವೂ ಇಳಿಯುತ್ತದೆ, ಅಂದರೆ ಅದು ವಾಲ್ಯೂಮ್ ಕಂಟ್ರೋಲಿಗಿಂತ ಮೊದಲೇ, ಆಕ್ಸ್ ದಾರಿಯಲ್ಲೇ ಹೊಕ್ಕುತ್ತಿದೆ. ವಾಲ್ಯೂಮ್ ಸೊನ್ನೆ ಮಾಡಿದರೂ ಕುಂಯ್ ಅಂದಿದ್ದರೆ ಹುಡುಕಾಟ ಆಂಪ್ಲಿಫೈಯರ್ ಕಡೆಗೆ ಹೋಗಬೇಕಿತ್ತು.

ಬಿಚ್ಚಿದಾಗ ಕಂಡದ್ದು

ಬ್ಯಾಟರಿಯ ಋಣ ತುದಿ ಕಳಚುವ ಮುನ್ನ ಒಂದು ವಿಚಾರಣೆ ತಪ್ಪಿಸಬಾರದು: ಕಂಪನಿ ಸ್ಟೀರಿಯೊಗಳಲ್ಲಿ ಕೆಲವಕ್ಕೆ ಬ್ಯಾಟರಿ ತೆಗೆದು ಹಾಕಿದ ಮೇಲೆ ಕೋಡ್ ಕೊಡಬೇಕಾಗುತ್ತದೆ. ಕೋಡ್ ಚೀಟಿ ಕೈಯಲ್ಲಿಲ್ಲದೆ ಕಳಚಿದರೆ ಇಲ್ಲದ ತೊಂದರೆ ತಂದುಕೊಂಡಂತೆ. ಈ ಕಾರಿನ ಚೀಟಿ ಬುಕ್‌ಲೆಟ್ಟಿನಲ್ಲೇ ಸಿಕ್ಕಿತು. ಕಾರು ಬಿಸಿಲಲ್ಲಿ ನಿಂತಿದ್ದರಿಂದ ಪ್ಲಾಸ್ಟಿಕ್ ಮೆದುವಾಗಿತ್ತು, ಅದು ಅನುಕೂಲವೇ. ಚಳಿಗಾಲದ ಬೆಳಗ್ಗೆ ಹಳೆಯ ಕ್ಲಿಪ್ಪುಗಳು ಬೇಗ ಮುರಿಯುತ್ತವೆ. ಪ್ಲಾಸ್ಟಿಕ್ ಪಟ್ಟಿಯಿಂದ ಅಂಚು ಎಬ್ಬಿಸಿ ಗೇರ್ ಲಿವರ್ ಸುತ್ತಲಿನ ಕವರ್ ತೆಗೆದು, ಆಕ್ಸ್ ಜ್ಯಾಕಿನ ಸಣ್ಣ ಸರ್ಕೀಟ್ ಪಟ್ಟಿಯನ್ನು ಹೊರಗೆಳೆದರು. ಸ್ಟೀರಿಯೊವನ್ನೂ ಹೊರತೆಗೆದು ಅದರ ಹಿಂದಿನ ಆಕ್ಸ್ ಕನೆಕ್ಟರ್ ಬಿಡಿಸಿದರು.

ಅಳತೆಗೆ ಒಂದು ಸರಳ ಸಾಧನ: ಹಳೆಯ ಮೂರು ಪಟ್ಟಿ ಕೇಬಲ್ಲನ್ನು ಕತ್ತರಿಸಿ ಮೂರು ತಂತಿ ಬೇರೆ ಮಾಡಿ ಪಿನ್ನನ್ನು ಜ್ಯಾಕಿಗೆ ಹಾಕುವುದು. ಆ ತಂತಿಗಳಿಂದ ಕನೆಕ್ಟರಿನ ಆಯಾ ತುದಿಯವರೆಗೆ ಓಮ್ ಅಳೆಯುವುದು. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯನ್ನು, ಇಲ್ಲಿ 0.3 ಓಮ್, ಕಳೆಯಬೇಕು. ಎಡದ್ದು, ಬಲದ್ದು ಎರಡೂ ಅರ್ಧ ಓಮ್ ಒಳಗೆ. ಗ್ರೌಂಡ್ ತೆರೆದೇ ಇತ್ತು. ಪಿನ್ನನ್ನು ಎಡಕ್ಕೆ ಒತ್ತಿದರೆ ಒಮ್ಮೆ ಹತ್ತಾರು ಓಮ್ ತೋರಿಸಿ ಮತ್ತೆ ತೆರೆದುಕೊಳ್ಳುತ್ತಿತ್ತು. ಬರೀ ಬೀಪ್ ಶಬ್ದ ನಂಬಿದ್ದರೆ ಆ ಹತ್ತಾರು ಓಮ್‌ನಲ್ಲೂ ಬಹಳ ಮೀಟರುಗಳು ಬೀಪ್ ಅಂದು ದಾರಿತಪ್ಪಿಸುತ್ತವೆ. ಅಂಕಿ ಓದಬೇಕು, ಓದುವಾಗ ಪಿನ್ ಅಲುಗಿಸಬೇಕು.

ಭೂತಗನ್ನಡಿಯಲ್ಲಿ ನೋಡಿದಾಗ ಜ್ಯಾಕಿನ ಗ್ರೌಂಡ್ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಉಂಗುರಾಕಾರದ ಬಿರುಕು. ಈ ಕಾಲೇ ಏಕೆ ಬಿಡಬೇಕು? ಈ ಜ್ಯಾಕಿಗೆ ನಟ್ ಇರಲಿಲ್ಲ, ಸರ್ಕೀಟ್ ಪಟ್ಟಿಯ ಮೇಲೆ ಬೆಸುಗೆಯಿಂದಲೇ ನಿಂತಿತ್ತು. ಪಿನ್ ಹಾಕಿ ತೆಗೆಯುವ, ಕೇಬಲ್ ಅಡ್ಡ ಜಗ್ಗುವ ಭಾರವೆಲ್ಲ ಬಾಯಿಯ ಹತ್ತಿರದ ಕಾಲಿನ ಮೇಲೆ ಬೀಳುತ್ತದೆ, ಬಾಯಿಯ ಹತ್ತಿರ ಇರುವುದು ಗ್ರೌಂಡ್ ಕಾಲು. ಇಲ್ಲಿ ಕೇಬಲ್ಲಿನ ಪಕ್ಕದಲ್ಲೇ ನೀರಿನ ಬಾಟಲಿ ಇಡುತ್ತಿದ್ದರು, ಬಾಟಲಿ ಪ್ರತಿ ಸಲ ಪಿನ್ನನ್ನು ಒಂದೇ ಬದಿಗೆ ತಳ್ಳುತ್ತಿತ್ತು. ಒಳಗಿನ ಪತ್ತಿಗಳ ಮೇಲೆ ಎರೆಮಣ್ಣಿನ ಧೂಳು ಎಣ್ಣೆಜಿಡ್ಡಿನ ಜೊತೆ ಹೆಪ್ಪುಗಟ್ಟಿ ಕೂತಿತ್ತು. ಅದು ಕಾರಣವಲ್ಲ, ಆದರೆ ಪತ್ತಿಯ ಬಿಗಿತವನ್ನೂ ಕೆಡಿಸಿತ್ತು.

ರಿಪೇರಿ, ಮತ್ತು ಉಳಿದ ಸಪ್ಪಳ

ಬಿರುಕಿನ ಮೇಲೆ ಬೆಸುಗೆ ಮತ್ತೆ ಕರಗಿಸಿದ್ದರೆ ಐದು ನಿಮಿಷದ ಕೆಲಸ. ಪತ್ತಿ ಸಡಿಲಾಗಿದ್ದರಿಂದ ಜ್ಯಾಕನ್ನೇ ಬದಲಾಯಿಸುವ ನಿರ್ಧಾರವಾಯಿತು, ಅದು ಸರಿಯಾದ ನಿರ್ಧಾರ. ಇಷ್ಟು ಬಿಚ್ಚಿದ ಮೇಲೆ ಇಪ್ಪತ್ತು ಮೂವತ್ತು ರೂಪಾಯಿಯ ಜ್ಯಾಕ್ ಉಳಿಸುವುದರಲ್ಲಿ ಲಾಭವಿಲ್ಲ. ಐದು ಕಾಲಿನ ಜ್ಯಾಕುಗಳು ನೋಡಲು ಒಂದೇ ಥರ ಇದ್ದರೂ ಕಾಲಿನ ಅಂತರ ಬೇರೆ ಬೇರೆ, ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಪೇಟೆಗೆ ಹೋಗಬೇಕು. 350 ಡಿಗ್ರಿಗೆ ಇಟ್ಟ ಐರನ್, ಫ್ಲಕ್ಸ್, ಹಳೆಯ ಬೆಸುಗೆಯನ್ನು ತಾಮ್ರದ ಬತ್ತಿಯಿಂದ ಪೂರ್ತಿ ಹೀರಿ ತೆಗೆದು, ಒಂದೊಂದು ಕಾಲಿಗೆ ಎರಡು ಮೂರು ಸೆಕೆಂಡ್. ಹೆಚ್ಚು ಹೊತ್ತು ಹಿಡಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಪತ್ತಿ ಸೊಟ್ಟಗಾಗುತ್ತದೆ. ಜ್ಯಾಕಿನ ಬುಡಕ್ಕೆ ಸಿಲಿಕೋನ್ ಅಂಟು ಹಾಕಿ ಆಸರೆ ಕೊಟ್ಟರು. ಬಿಸಿ ಅಂಟಿನ ಗನ್ ಬಳಸಲಿಲ್ಲ: ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದು ಮೆತ್ತಗಾಗುತ್ತದೆ.

ಗ್ರೌಂಡ್ ಅಳತೆ ಈಗ 0.2 ಓಮ್, ಪಿನ್ ಅಲುಗಿಸಿದರೂ ಅಷ್ಟೇ. ಚಾರ್ಜರ್ ಇಲ್ಲದೆ ಹಿರಿಯರ ಮೊನೊ ಫೈಲು ಹಾಕಿದಾಗ ದನಿ ಎರಡೂ ಬದಿಯಿಂದ ತುಂಬಿ ಬಂತು. ಎಡದ ಫೈಲು ಎಡಕ್ಕೆ, ಬಲದ್ದು ಬಲಕ್ಕೆ.

ಚಾರ್ಜರ್ ಹಚ್ಚಿ ಎಂಜಿನ್ ಏರಿಸಿದಾಗ ಕುಂಯ್ ಬಹಳ ಇಳಿದಿತ್ತು, ಆದರೆ ಹೋಗಿರಲಿಲ್ಲ. ಇದನ್ನು ರಿಪೇರಿ ಸೋತಿತು ಎಂದು ತಿಳಿಯಬಾರದು. ಈಗ ಫೋನಿಗೆ ಎರಡು ಗ್ರೌಂಡ್ ದಾರಿ, ಒಂದು ಆಕ್ಸ್ ಕೇಬಲ್, ಇನ್ನೊಂದು ಚಾರ್ಜರ್. ಎರಡೂ ಬಾಡಿಯ ಬೇರೆ ಬೇರೆ ಜಾಗಕ್ಕೆ ಸೇರುತ್ತವೆ. ಆ ಜಾಗಗಳ ನಡುವಿನ ಮಿಲಿವೋಲ್ಟ್‌ಗಳು ಆಕ್ಸ್ ಗ್ರೌಂಡಿನಲ್ಲಿ ಕರೆಂಟು ಹರಿಸುತ್ತವೆ. ಇದು ನಿಜವಾದ ಗ್ರೌಂಡ್ ಲೂಪ್. ಹಿಂದೆ ಇದ್ದದ್ದು ಲೂಪ್ ಅಲ್ಲ, ಕಡಿದ ತಂತಿ. ಸಪ್ಪಳ ಒಂದೇ ಥರ ಕೇಳಿದ್ದರಿಂದ ಔಷಧವನ್ನೂ ಒಂದೇ ಕೊಟ್ಟಿದ್ದರು.

ಎರಡನೆಯ ಅಂಗಡಿಯವರು ಎಳೆದಿದ್ದ ಹೆಚ್ಚುವರಿ ತಂತಿ ತೆಗೆದಾಗ ಸಪ್ಪಳ ಇನ್ನಷ್ಟು ಇಳಿಯಿತು. ಗ್ರೌಂಡಿಗೆ ಜಾಗ ಹೆಚ್ಚಿದಷ್ಟೂ ಒಳ್ಳೆಯದು ಎಂಬ ತಿಳಿವಳಿಕೆ ಕಾರಿನ ಆಡಿಯೊದಲ್ಲಿ ತಲೆಕೆಳಗು, ಒಂದೇ ಜಾಗಕ್ಕೆ ಸೇರಿಸುವುದು ಒಳ್ಳೆಯದು. ಆಮೇಲೆ ಫೋನಿನ ವಾಲ್ಯೂಮನ್ನು ನೂರಕ್ಕೆ ಎಂಬತ್ತೈದರಷ್ಟು ಏರಿಸಿ ಸ್ಟೀರಿಯೊದ್ದು ಇಳಿಸಿದರು. ಸಪ್ಪಳದ ಮಿಲಿವೋಲ್ಟ್ ಅಷ್ಟೇ ಇರುತ್ತದೆ, ಹಾಡಿನದು ಹೆಚ್ಚುತ್ತದೆ. ಪೂರ್ತಿ ನೂರಕ್ಕೆ ಏರಿಸಿದರೆ ಕೆಲವು ಫೋನು ಮತ್ತು ಸ್ಟೀರಿಯೊ ಜೋಡಿಯಲ್ಲಿ ದನಿ ಒಡೆಯುತ್ತದೆ.

ತೆಗೆದಿಟ್ಟಿದ್ದ ಐಸೊಲೇಟರನ್ನು ಮತ್ತೆ ಹಾಕಿ ನೋಡಿದರು. ಈ ಸಲ ಅದು ತನ್ನ ಕೆಲಸ ಸರಿಯಾಗಿ ಮಾಡಿತು, ಕುಂಯ್ ಪೂರ್ತಿ ಹೋಯಿತು, ದನಿ ಉಳಿಯಿತು. ಆದರೆ ಹಿರಿಯರ ಕಿವಿ ಒಂದು ಕೊರತೆ ಹಿಡಿಯಿತು: "ಡಗ್ಗಾದ ಘಮಕ ಕಡಿಮಿ ಆತಲ್ರಿ." ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ದಪ್ಪ ಸದ್ದು ಕುಗ್ಗಿತು ಎಂದು ಅವರು ಹೇಳಿದ್ದು ಸರಿ. ಅಗ್ಗದ ಐಸೊಲೇಟರಿನ ಟ್ರಾನ್ಸ್‌ಫಾರ್ಮರಿನ ಕೋರ್ ಸಣ್ಣದು, ನೂರು ಹರ್ಟ್ಜ್ ಕೆಳಗಿನ ಸದ್ದನ್ನು ಅದು ಪೂರ್ತಿ ದಾಟಿಸುವುದಿಲ್ಲ. ಸಿನಿಮಾ ಹಾಡಿನಲ್ಲಿ ಬೇಸ್ ಏರಿಸಿ ಹೊಂದಿಸಿಕೊಳ್ಳಬಹುದು. ತಬಲಾ ಕೇಳುವವರಿಗೆ ಅದು ಒಪ್ಪುವುದಿಲ್ಲ, ಒಪ್ಪಿಕೊಳ್ಳಿ ಎಂದು ಒತ್ತಾಯಿಸುವುದೂ ತಪ್ಪು.

ಹಾಗಾಗಿ ತೀರ್ಮಾನ ಇಬ್ಬಗೆಯದಾಯಿತು. ಸೊಸೆ ಮ್ಯಾಪ್ ಹಚ್ಚಿ ಚಾರ್ಜ್ ಮಾಡುತ್ತ ಹೋಗುವಾಗ ಐಸೊಲೇಟರ್. ಹಿರಿಯರು ಗದಗಿಗೆ ಹೋಗುವಾಗ ನೇರ ಕೇಬಲ್, ಚಾರ್ಜ್ ಬೇಕಾದರೆ ಕಾರಿನ ಸಾಕೆಟ್ ಬದಲು ಪವರ್ ಬ್ಯಾಂಕ್. ಪವರ್ ಬ್ಯಾಂಕಿಗೂ ಕಾರಿನ ಬಾಡಿಗೂ ಸಂಬಂಧ ಇಲ್ಲವಾದ್ದರಿಂದ ಲೂಪ್ ಆಗುವುದೇ ಇಲ್ಲ, ಅದನ್ನು ಅದೇ ಹೊತ್ತಿಗೆ ಕಾರಿನ ಸಾಕೆಟ್ಟಿನಿಂದ ಚಾರ್ಜ್ ಮಾಡಬಾರದು ಅಷ್ಟೇ. ಕೇಬಲ್ ಮೂರು ಪಟ್ಟಿಯದು, ಜ್ಯಾಕಿನ ಕಡೆ ಎಲ್ ಆಕಾರದ ಪಿನ್, ನೀರಿನ ಬಾಟಲಿಗೆ ಬಾಗಿಲಿನ ಜಾಗ.

ಮನೆಯವರು ಕೊನೆಗೆ ಒಂದು ಪ್ರಶ್ನೆ ಕೇಳಿದ್ದರು: ಆಕ್ಸ್‌ಗೆ ಹಾಕುವ ಬ್ಲೂಟೂತ್ ರಿಸೀವರ್ ತಂದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲವೇ? ಇರುತ್ತಿತ್ತು. ಕಾರಿನ ಸಾಕೆಟ್ಟಿನಿಂದ ಕರೆಂಟು ತಗೊಳ್ಳುವ ರಿಸೀವರ್ ಆಗಿದ್ದರೆ ಚಾರ್ಜರಿನಂತೆಯೇ ಬದಲಿ ಗ್ರೌಂಡ್ ಕೊಟ್ಟು ದನಿ ಮತ್ತು ಕುಂಯ್ ಎರಡನ್ನೂ ತರುತ್ತಿತ್ತು. ಸ್ವಂತ ಬ್ಯಾಟರಿಯದಾಗಿದ್ದರೆ ಕುಂಯ್ ಇಲ್ಲ, ದನಿಯೂ ಇಲ್ಲ. ಎರಡು ಥರದ ರಿಸೀವರಿನ ಸದ್ದೂ ಸ್ಟೀರಿಯೊಗೆ ಹೋಗುವುದು ಅದೇ ಕಡಿದ ಕಾಲಿನ ಮೂಲಕ. 3.5 ಮಿಲಿಮೀಟರ್ ಜ್ಯಾಕ್ ಇಲ್ಲದ ಹೊಸ ಫೋನಿಗೆ ಟೈಪ್‌ಸಿ ಕನ್ವರ್ಟರ್ ಹಾಕಿದರೂ ಇದೇ ಮಾತು ಅನ್ವಯಿಸುತ್ತದೆ. ಜೊತೆಗೆ, ಒಳಗೆ ಡಿಎಸಿ ಚಿಪ್ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಚಿಪ್) ಇಲ್ಲದ ಅಗ್ಗದ ಕನ್ವರ್ಟರುಗಳು ಬಹಳ ಫೋನುಗಳಲ್ಲಿ ಸದ್ದೇ ಕೊಡುವುದಿಲ್ಲ, ಆದ್ದರಿಂದ ಕಾರಿಗೆ ಹಾಕುವ ಮೊದಲು ಕನ್ವರ್ಟರನ್ನು ಒಂದು ಸಾದಾ ಹೆಡ್‌ಫೋನಿಗೆ ಹಾಕಿ, ಮೊನೊ ಫೈಲು, ಎಡದ ಫೈಲು, ಬಲದ ಫೈಲು ಮೂರನ್ನೂ ಕೇಳಿ ನೋಡಬೇಕು.